ನೀಲಿ ಬೆಳಕಿನ ಬೆನ್ನು ಹತ್ತಿದವರು

ಹಾನಗಲ್ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಬೇಕರಿಯಲ್ಲಿ ಕಳೆದ ತಿಂಗಳು ಚಹಾ ಕುಡಿಯುತ್ತಾ ಕೂತಿದ್ದೆ. ಬೇಕರಿಯವರು ಬಂಟ್ವಾಳ ಕಡೆಯಿಂದ ಘಟ್ಟ ಹತ್ತಿ ಬಂದು ಇಪ್ಪತ್ತು ವರ್ಷದ ಮೇಲಾಯಿತು. ತಮ್ಮ ಶಿಗ್ಗಾಂವಿಯಲ್ಲಿ, ಷಡ್ಡಕ ಹಿರೇಕೆರೂರಿನಲ್ಲಿ. ಅಂಗಡಿಯ ಡಬ್ಬಿಯಲ್ಲಿರುವ ಖಾರ ವಾರಕ್ಕೊಮ್ಮೆ ಸವಣೂರಿನಿಂದ ಬರುತ್ತದೆ. ಮನೆಯೊಳಗೆ ಬ್ಯಾರಿ ಭಾಷೆ, ಗಲ್ಲಾದಲ್ಲಿ ಗಟ್ಟಿ ಹಾನಗಲ್ ಕನ್ನಡ.

ಅಷ್ಟು ಹೊತ್ತಿಗೆ ಫೋನ್ ಪೇ ನಿಂತಿತು. ಗೋಡೆಯ ಮೇಲಿದ್ದ ಇಂಟರ್‌ನೆಟ್ ಪೆಟ್ಟಿಗೆಯಲ್ಲಿ ಒಂದು ಕೆಂಪು ದೀಪ ಮಿಣುಕುತ್ತಿತ್ತು. ಎಲ್ಲೋ ರಸ್ತೆ ಅಗೆಯುವ ಜೆಸಿಬಿ ಫೈಬರ್ ತುಂಡು ಮಾಡಿತ್ತು. ಅವರ ಮಗಳು ಒಳಗಿನಿಂದ ಬಂದು ಪೆಟ್ಟಿಗೆ ನೋಡಿ, "ಅಪ್ಪಾ, ಲೈಟ್ ಬರವಲ್ದು, ಲೈನ್‌ಮನ್‌ಗೆ ಫೋನ್ ಮಾಡ್ರಿ" ಅಂದಳು. ಅವರು ಕರೆಂಟ್ ಇದೆಯಲ್ಲಾ ಎಂದು ಮೇಲಿನ ಬಲ್ಬು ತೋರಿಸಿದರು. ಅವಳು ನಕ್ಕಳು. "ಈ ಲೈಟ್ ಅಲ್ಲ. ವೈರ್ ಒಳಗ ಬರೂ ಲೈಟ್."

ಅವಳು ಒಳಗೆ ಹೋದ ಮೇಲೆ ಅವರು ಸ್ವರ ತಗ್ಗಿಸಿ ಕೇಳಿದರು. "ಬಿ.ಎಸ್ಸಿ. ಕೊನೇ ವರ್ಷ ಮಾರಾಯ್ರೇ. ಮುಂದೆ ಲೇಸರ್ ಓದ್ತೇನೆ, ರಿಸರ್ಚ್ ಮಾಡ್ತೇನೆ ಅಂತಾಳೆ. ನರ್ಸಿಂಗ್ ಅಂದಿದ್ರೆ ಗೊತ್ತಾಗ್ತಿತ್ತು, ಬಿ.ಎಡ್. ಅಂದಿದ್ರೆ ಗೊತ್ತಾಗ್ತಿತ್ತು. ಈ ಲೇಸರ್ ಅಂದ್ರೆ ಎಂತ? ಅದನ್ನು ಕಲಿತವರು ಹೊಟ್ಟೆಗೆ ಎಂತ ಮಾಡ್ತಾರೆ?"

ಪ್ರಶ್ನೆ ನ್ಯಾಯವಾದದ್ದೇ. ಚಹಾ ಮುಗಿಯುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರ ಅದಕ್ಕಿರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಬೇರೆ ಮನೆಗಳಲ್ಲೂ ಇದೇ ಪ್ರಶ್ನೆ ಏಳುತ್ತಿರಬಹುದು.

ಮೊದಲು ಆ ಗೋಡೆಯ ಪೆಟ್ಟಿಗೆ. ಮನೆಗೆ ಬರುವ ಫೈಬರ್ ಎಂದರೆ ಕೂದಲೆಳೆಯಷ್ಟು ತೆಳುವಾದ ಗಾಜು. ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ, ಬೆಳಕು ಹರಿಯುತ್ತದೆ. ಕಂಪೆನಿಯ ಕಡೆಯಿಂದ ಬರುವ ಬೆಳಕಿನ ಅಲೆಯುದ್ದ 1490 ನ್ಯಾನೋಮೀಟರ್, ನಮ್ಮ ಪೆಟ್ಟಿಗೆ ವಾಪಸ್ ಕಳಿಸುವ ಬೆಳಕು 1310. ಮನುಷ್ಯನ ಕಣ್ಣಿಗೆ ಕಾಣುವುದು ಸುಮಾರು 400ರಿಂದ 700ರ ಒಳಗಿನದು ಮಾತ್ರ. ಹಾಗಾಗಿ ತುಂಡಾದ ಫೈಬರಿನ ತುದಿ ಕತ್ತಲಾಗಿ ಕಂಡರೂ ಅದಕ್ಕೆ ಕಣ್ಣಿಟ್ಟು ನೋಡಬಾರದು. ಮಕ್ಕಳಿರುವ ಮನೆಯವರು ಇದೊಂದನ್ನು ನೆನಪಿಡಬೇಕು.

ಹಾಗೆ ಬೆಳಕು ಕಳಿಸುವ ಕೆಲಸವನ್ನು ಪೆಟ್ಟಿಗೆಯೊಳಗೆ ಮಾಡುವುದು ಸಾಸಿವೆ ಕಾಳಿಗಿಂತ ಸಣ್ಣದೊಂದು ಹರಳು. ಅದೇ ಅರೆವಾಹಕ ಲೇಸರ್. ಎರಡು ಬಗೆಯ ಅರೆವಾಹಕ ಪದರಗಳನ್ನು ಅಂಟಿಸಿದಂತೆ ಬೆಳೆಸಿ ವಿದ್ಯುತ್ ಹಾಯಿಸಿದರೆ ಅವು ಕೂಡುವ ಜಾಗದಲ್ಲಿ ಬೆಳಕು ಹುಟ್ಟುತ್ತದೆ. ಬಲ್ಬಿನ ಎಲ್‌ಇಡಿಯಲ್ಲಿ ಆ ಬೆಳಕು ಸಿಕ್ಕ ಸಿಕ್ಕ ಕಡೆ ಚೆದರುತ್ತದೆ. ಲೇಸರಿನಲ್ಲಿ ಹರಳಿನ ಎರಡು ತುದಿಗಳೂ ಕನ್ನಡಿಯಂತೆ ಕೆಲಸ ಮಾಡುತ್ತವೆ. ಬೆಳಕು ಅಲ್ಲಿಂದಿಲ್ಲಿಗೆ ಓಡಾಡುತ್ತಾ, ತನ್ನಂಥದೇ ಬೆಳಕನ್ನು ಎಬ್ಬಿಸಿಕೊಂಡು, ಒಂದೇ ಬಣ್ಣ, ಒಂದೇ ದಿಕ್ಕು, ಒಂದೇ ಹೆಜ್ಜೆಯಲ್ಲಿ ಹೊರಗೆ ಬರುತ್ತದೆ. ಸೂಪರ್ ಮಾರ್ಕೆಟಿನಲ್ಲಿ ಬಾರ್‌ಕೋಡ್ ಓದುವ ಕೆಂಪು ಗೆರೆ, ಹಳೆಯ ಸಿಡಿ ಪ್ಲೇಯರ್, ಲೇಸರ್ ಪ್ರಿಂಟರ್ ಎಲ್ಲದರೊಳಗೂ ಇದರ ಬಂಧುಗಳೇ ಇವೆ.

ಇಂಥ ಮೊದಲ ಲೇಸರನ್ನು 1962ರಲ್ಲಿ ಬೆಳಗಿಸಿದವರು ರಾಬರ್ಟ್ ಹಾಲ್, ಅಮೆರಿಕದ ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ. ಅದನ್ನು ದ್ರವ ಸಾರಜನಕದಲ್ಲಿ ಅದ್ದಿ ತಣ್ಣಗಿಡಬೇಕಿತ್ತು. ಬೆಳಕೂ ಮಿಂಚಿನಂತೆ ತುಣುಕು ತುಣುಕಾಗಿ ಬರುತ್ತಿತ್ತು. ಮನೆಯ ಸೆಕೆಯಲ್ಲಿ ನಿಲ್ಲದೆ ಉರಿಯುವ ಲೇಸರ್ ಬಂದದ್ದು 1970ರಲ್ಲಿ. ಲೆನಿನ್‌ಗ್ರಾಡಿನಲ್ಲಿ ಅಲ್ಫೆರೋವ್ ತಂಡ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹಯಾಶಿ ಮತ್ತು ಪ್ಯಾನಿಶ್ ಅದನ್ನು ಸಾಧಿಸಿದರು. ನಡುವೆ ಹೋದ ಎಂಟು ವರ್ಷವೂ ಹೆಚ್ಚಾಗಿ ಹರಳು ಬೆಳೆಸುವುದನ್ನು ಕಲಿಯುವುದರಲ್ಲೇ ಹೋಯಿತು. ಈ ವಿಷಯದ ಕಷ್ಟವೆಲ್ಲ ಅಲ್ಲಿದೆ. ಸೂತ್ರ ಪುಸ್ತಕದಲ್ಲಿ ಸಿಗುತ್ತದೆ, ಹರಳು ಕುಲುಮೆಯಲ್ಲಿ ಸಿಗಬೇಕು.

ಅದೇ ಸ್ಕೆನೆಕ್ಟಡಿ ಪ್ರಯೋಗಾಲಯಕ್ಕೆ 1974ರಲ್ಲಿ ಒಬ್ಬ ಹುಡುಗ ಕೆಲಸಕ್ಕೆ ಸೇರಿದರು. ಹೆಸರು ಬಿ. ಜಯಂತ್ ಬಾಳಿಗಾ. ಆ 'ಬಿ' ಅಂದರೆ ಬಂಟ್ವಾಳ! ಬೇಕರಿಯವರಿಗೆ ಇದನ್ನು ಹೇಳಿದಾಗ ಮುಖ ಅರಳಿತು. "ನಮ್ಮೂರಿನವರಾ?" ಎಂದರು. ಮನೆತನ ಬಂಟ್ವಾಳದ್ದು, ಬೆಳೆದದ್ದು ಬೆಂಗಳೂರಿನ ಜಾಲಹಳ್ಳಿಯಲ್ಲಿ. ತಂದೆ ಬಿಇಎಲ್‌ನಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ಜಯಂತ್ ಬಾಳಿಗರು 1969ರಲ್ಲಿ ಮದ್ರಾಸ್ ಐಐಟಿ ಮುಗಿಸಿ ಅಮೆರಿಕದ ರೆನ್ಸೆಲೇರ್‌ನಲ್ಲಿ ಪಿಹೆಚ್.ಡಿ. ಮಾಡಿದರು. ಆಗ ಕಲಿತದ್ದು ಲೇಸರಿಗೆ ಬೇಕಾಗುವಂಥ ಹರಳುಗಳನ್ನೇ ಬೆಳೆಸುವ ಕೆಲಸ. ಇಂಡಿಯಂ, ಗ್ಯಾಲಿಯಂನಂಥ ಲೋಹಗಳ ಅಂಶವಿರುವ ಅನಿಲವನ್ನು ಕಾದ ಬಿಲ್ಲೆಯ ಮೇಲೆ ಹಾಯಿಸಿ ಪದರದ ಮೇಲೆ ಪದರ ಕೂರಿಸುವುದು. ಕಾವಲಿ ಹದವಾಗಿ ಕಾಯದಿದ್ದರೆ ದೋಸೆ ಏಳುವುದಿಲ್ಲವಲ್ಲ, ಹಾಗೆಯೇ ಇದೂ. ಈ ವಿಧಾನಕ್ಕೆ ಎಂಒಸಿವಿಡಿ ಎನ್ನುತ್ತಾರೆ. ಮುಂದೆ ಮತ್ತೆ ಬರುತ್ತದೆ, ಹೆಸರು ನೆನಪಿರಲಿ.

ಅದೇ ದಾರಿಯಲ್ಲಿ ಮುಂದೆ ಹೋಗಬೇಕೆಂದು ಅವರಿಗೆ ಆಸೆಯಿತ್ತು. ಆದರೆ ಆಗ ಅವರು ಗ್ರೀನ್ ಕಾರ್ಡ್ ಇಲ್ಲದ ವಿದೇಶಿ ವಿದ್ಯಾರ್ಥಿ, ಬಯಸಿದ ಪ್ರಯೋಗಾಲಯಗಳ ಬಾಗಿಲು ತೆರೆಯಲಿಲ್ಲ. ಜನರಲ್ ಎಲೆಕ್ಟ್ರಿಕ್‌ನಲ್ಲಿ ಸಿಕ್ಕಿದ್ದು ಬೇರೆಯೇ ಕೆಲಸ. ದೊಡ್ಡ ವಿದ್ಯುತ್ ಪ್ರವಾಹವನ್ನು ಹಿಡಿದು ಬಿಡುವ ಸಿಲಿಕಾನ್ ಸ್ವಿಚ್ಚುಗಳು. ಅಲ್ಲಿ 1980ರ ದಶಕದ ಮೊದಲಲ್ಲಿ ಐಜಿಬಿಟಿ ಎಂಬ ಸಾಧನವನ್ನು ರೂಪಿಸಿದರು. ಇಂದು ಇಂಡಕ್ಷನ್ ಒಲೆ, ಇನ್ವರ್ಟರ್ ಎಸಿ, ಎಲೆಕ್ಟ್ರಿಕ್ ಕಾರು, ರೈಲು ಎಂಜಿನ್, ಎಲ್ಲದರಲ್ಲೂ ಅದಿದೆ. 2024ರಲ್ಲಿ ಫಿನ್ಲೆಂಡಿನ ಮಿಲೆನಿಯಂ ಟೆಕ್ನಾಲಜಿ ಪ್ರಶಸ್ತಿ ಅವರಿಗೆ ಬಂತು. ಕಲಿತದ್ದೊಂದು, ದುಡಿದದ್ದೊಂದು. ಆದರೂ ಕಲಿತದ್ದು ದಂಡವಾಗಲಿಲ್ಲ, ಅರೆವಾಹಕದ ಗುಣ ಕೈಗೆ ಹತ್ತಿತ್ತು.

"ಅವರದ್ದು ಬೇರೆ ಬಿಡಿ. ಅಪ್ಪ ಬಿಇಎಲ್, ಮಗ ಐಐಟಿ. ನಮ್ಮದು ಬ್ರೆಡ್ ಬನ್ ಅಲ್ವಾ" ಎಂದರು ಬೇಕರಿಯವರು.

ಅದೂ ಸರಿಯೇ. ಅದಕ್ಕೇ ಅವರಿಗೆ ಇನ್ನೊಬ್ಬರ ಕತೆ ಹೇಳಿದೆ. ಅದೇ ಮಿಲೆನಿಯಂ ಪ್ರಶಸ್ತಿಯನ್ನು 2006ರಲ್ಲಿ ಪಡೆದವರು ಜಪಾನಿನ ಶುಜಿ ನಕಮುರ. ಲೇಸರಿನ ಮಾತು ಬಂದರೆ ನನಗೆ ಮೊದಲು ನೆನಪಾಗುವವರು ಅವರೇ.

ನಕಮುರ ಹುಟ್ಟಿದ್ದು 1954ರಲ್ಲಿ, ಶಿಕೋಕು ದ್ವೀಪದ ಎಹಿಮೆ ಪ್ರಾಂತ್ಯದ ಒಂದು ಮೀನುಗಾರರ ಊರಿನಲ್ಲಿ. ತಂದೆ ವಿದ್ಯುತ್ ಕಂಪೆನಿಯ ನೌಕರ. ಓದಿದ್ದು ಟೋಕಿಯೋದಲ್ಲಲ್ಲ, ಅದೇ ದ್ವೀಪದ ತೊಕುಶಿಮಾ ವಿಶ್ವವಿದ್ಯಾಲಯದಲ್ಲಿ. ನಮ್ಮ ಕಡೆಯ ಲೆಕ್ಕದಲ್ಲಿ ಹತ್ತಿರದ ಜಿಲ್ಲೆಯ ಕಾಲೇಜು ಎನ್ನಿ. ಎಂ.ಇ. ಮುಗಿಸುವ ಹೊತ್ತಿಗೆ ಮದುವೆಯಾಗಿ ಒಂದು ಮಗುವೂ ಇತ್ತು. ಹೆಂಡತಿ ಶಿಶುವಿಹಾರದ ಟೀಚರ್. ಕ್ಯೋಟೋದ ದೊಡ್ಡ ಕಂಪೆನಿಯೊಂದು ಕೆಲಸಕ್ಕೆ ಕರೆಯಿತು. ಸಂಸಾರ ಇಟ್ಟುಕೊಂಡು ದೊಡ್ಡ ಪಟ್ಟಣಕ್ಕೆ ಹೋಗುವುದು ಬೇಡವೆಂದು ಬಿಟ್ಟರು. 1979ರಲ್ಲಿ ಪಕ್ಕದ ಅನಾನ್ ಎಂಬ ಸಣ್ಣ ಊರಿನ ನಿಚಿಯಾ ಎಂಬ ಕಂಪೆನಿಗೆ ಸೇರಿದರು. ಟ್ಯೂಬ್‌ಲೈಟಿಗೂ ಟಿವಿಗೂ ಬೇಕಾಗುವ ಹೊಳೆಯುವ ಪುಡಿ ಮಾಡುವ ಕಂಪೆನಿ ಅದು.

ಮುಂದಿನ ಹತ್ತು ವರ್ಷಗಳ ಮೇಲೆ ಯಾರೂ ಸಿನಿಮಾ ತೆಗೆಯುವುದಿಲ್ಲ. ಹಣ ಉಳಿಸಲು ಕುಲುಮೆಯನ್ನು ತಾವೇ ಕಟ್ಟಿದರು, ಸ್ಫಟಿಕದ ಕೊಳವೆಗಳನ್ನು ತಾವೇ ಬೆಸೆದರು. ಮುಚ್ಚಿದ ಕೊಳವೆಯೊಳಗೆ ರಂಜಕ ಕಾದು ಆಗಾಗ ಸ್ಫೋಟವಾಗುತ್ತಿತ್ತು. ಮೊದಮೊದಲು ಸಹೋದ್ಯೋಗಿಗಳು ಓಡಿ ಬರುತ್ತಿದ್ದರು, ಆಮೇಲೆ ಅವರಿಗೂ ಅಭ್ಯಾಸವಾಯಿತಂತೆ. ಹತ್ತು ವರ್ಷದಲ್ಲಿ ಮೂರು ಬಗೆಯ ಹರಳು, ಸಾಧನ ಮಾಡಿಕೊಟ್ಟರು. ಮೂರೂ ಕೆಲಸ ಮಾಡುತ್ತಿದ್ದವು, ಆದರೆ ಮಾರಾಟವಾಗಲಿಲ್ಲ. ದೊಡ್ಡ ಕಂಪೆನಿಗಳು ಅದೇ ಸಾಮಾನನ್ನು ಮೊದಲೇ ಮಾರುಕಟ್ಟೆಗೆ ಬಿಟ್ಟಿದ್ದವು. ಊರ ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1988ರಲ್ಲಿ ಅವರು ನೇರ ಕಂಪೆನಿಯ ಸ್ಥಾಪಕ ನೊಬುವೊ ಒಗಾವಾ ಅವರ ಬಳಿ ಹೋಗಿ ನೀಲಿ ಬೆಳಕು ಮಾಡುತ್ತೇನೆ, ದುಡ್ಡು ಕೊಡಿ ಎಂದರು. ಆಗ ಕೆಂಪು ಎಲ್‌ಇಡಿ ಇತ್ತು, ಮಂಕಾದ ಹಸಿರೂ ಇತ್ತು. ಪ್ರಕಾಶಮಾನವಾದ ನೀಲಿ ಯಾರ ಕೈಗೂ ಸಿಕ್ಕಿರಲಿಲ್ಲ. ನೀಲಿ ಇಲ್ಲದೆ ಬಿಳಿ ಬೆಳಕಿಲ್ಲ. ಮುದುಕ ಒಪ್ಪಿದರು. ಸುಮಾರು 50 ಕೋಟಿ ಯೆನ್ ಮಂಜೂರಾಯಿತು. ಆ ಸಣ್ಣ ಕಂಪೆನಿಗೆ ಅದು ತೀರಾ ದೊಡ್ಡ ಮೊತ್ತ. ಎಂಒಸಿವಿಡಿ ಕಲಿತು ಬರಲು ಒಂದು ವರ್ಷ ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯಕ್ಕೂ ಕಳಿಸಿದರು. ಅಲ್ಲಿ 34ರ ನಕಮುರ ಅವರ ಸುತ್ತ ಇದ್ದವರೆಲ್ಲ ಪಿಹೆಚ್.ಡಿ. ಮಾಡಿದವರು ಅಥವಾ ಮಾಡುತ್ತಿದ್ದವರು. ಇವರಿಗೆ ಡಾಕ್ಟರೇಟೂ ಇಲ್ಲ, ಅಚ್ಚಾದ ಪ್ರಬಂಧವೂ ಇಲ್ಲ. ತಮ್ಮನ್ನು ಅಲ್ಲಿ ಟೆಕ್ನಿಶಿಯನ್ ಹಾಗೆ ಕಂಡರೆಂದು ಆಮೇಲೆ ಅವರೇ ಹೇಳಿಕೊಂಡಿದ್ದಾರೆ. ವರ್ಷದ ಬಹುಪಾಲು ಯಂತ್ರದ ಬಿಡಿಭಾಗ ಜೋಡಿಸುವುದರಲ್ಲೇ ಕಳೆಯಿತು. ಆ ಕೈಕೆಲಸವೇ ಮುಂದೆ ಕಾಪಾಡಿತು.

ಊರಿಗೆ ಮರಳಿದ ಮೇಲೆ ಯಾವ ಹರಳು ಎಂಬ ಪ್ರಶ್ನೆ ಬಂತು. ಜಗತ್ತಿನ ಹೆಚ್ಚಿನವರು ಜಿಂಕ್ ಸೆಲೆನೈಡ್ ಹಿಂದೆ ಬಿದ್ದಿದ್ದರು. ಗ್ಯಾಲಿಯಂ ನೈಟ್ರೈಡ್ ಆಗದ ಹೋಗದ ವಸ್ತು ಎಂದು ಬಹಳ ಮಂದಿ ಕೈಬಿಟ್ಟಿದ್ದರು. ಅದಕ್ಕೆ ಹೊಂದುವ ತಳ ಸಿಗುವುದಿಲ್ಲ, ಬೆಳೆದರೂ ಬಿರುಕು, ಕಲೆ. ನಕಮುರ ಆರಿಸಿಕೊಂಡದ್ದು ಅದನ್ನೇ. ಎಲ್ಲರೂ ಇರುವಲ್ಲಿ ಹೋದರೆ ಮತ್ತೆ ಹಳೇ ಕತೆಯೇ ಆದೀತು, ಜನವಿಲ್ಲದ ದಾರಿಯಲ್ಲಿ ಪ್ರಬಂಧವನ್ನಾದರೂ ಬರೆದು ಡಾಕ್ಟರೇಟ್ ಪಡೆಯಬಹುದು ಎಂಬ ಲೆಕ್ಕ. ಧೈರ್ಯ ಎಂದು ನಾವು ಹೊಗಳುವ ಎಷ್ಟೋ ನಿರ್ಧಾರಗಳ ಹಿಂದೆ ಇಂಥ ಅಂಗಡಿ ಲೆಕ್ಕವೇ ಇರುತ್ತದೆ.

ದಾರಿ ಪೂರ್ತಿ ಖಾಲಿಯೂ ಇರಲಿಲ್ಲ. ನಗೋಯಾ ವಿಶ್ವವಿದ್ಯಾಲಯದಲ್ಲಿ ಇಸಾಮು ಅಕಾಸಾಕಿ ಮತ್ತು ಅವರ ಶಿಷ್ಯ ಹಿರೋಶಿ ಅಮಾನೋ 1986ರಲ್ಲೇ ಈ ಹರಳಿನ ಚೊಕ್ಕ ಪದರ ಬೆಳೆಸಿ ತೋರಿಸಿದ್ದರು. ನಕಮುರ ದಿನಾ ಬೆಳಗ್ಗೆ ಯಂತ್ರ ಬಿಚ್ಚಿ ಕೊಳವೆ ಬದಲಿಸಿ, ಮಧ್ಯಾಹ್ನ ಹರಳು ಬೆಳೆಸಿ, ಸಂಜೆ ಪರೀಕ್ಷಿಸುತ್ತಿದ್ದರು. ತಟ್ಟೆ 1,000 ಡಿಗ್ರಿಯಷ್ಟು ಕಾದಿರುವಾಗ ಅನಿಲ ಕೆಳಗೆ ಕೂರದೆ ಬಿಸಿಗೆ ಮೇಲೇಳುತ್ತಿತ್ತು. ಅವರು ಮೇಲಿನಿಂದ ಇನ್ನೊಂದು ಅನಿಲವನ್ನು ಬಿಟ್ಟು ಅದನ್ನು ಅದುಮಿ ಕೂರಿಸಿದರು. ಎರಡು ಹರಿವಿನ ಆ ಯಂತ್ರದಿಂದ ಜಗತ್ತಿನ ಉತ್ತಮ ಗ್ಯಾಲಿಯಂ ನೈಟ್ರೈಡ್ ಬಂತು. ಆಮೇಲೆ ಇನ್ನೊಂದು ಗಂಟು ಬಿಡಿಸಿದರು. ಹರಳಿಗೆ ಬೆರೆಸಿದ ಮೆಗ್ನೀಸಿಯಮ್ಮನ್ನು ಜಲಜನಕ ಹಿಡಿದು ಕೂತಿರುತ್ತದೆ. ಸಾರಜನಕದಲ್ಲಿ ಕಾಯಿಸಿದರೆ ಅದು ಬಿಟ್ಟು ಹೋಗುತ್ತದೆ, ಹರಳು ಕೆಲಸಕ್ಕೆ ಬರುತ್ತದೆ.

ಈ ನಡುವೆ ಕಂಪೆನಿಯ ಆಡಳಿತ ಬದಲಾಗಿತ್ತು. ಕೆಲಸ ನಿಲ್ಲಿಸು ಎಂದು ಚೀಟಿ ಬಂತು. ಅವರು ಚೀಟಿಯನ್ನು ಕಸಕ್ಕೆ ಹಾಕಿ ಮುಂದುವರಿಸಿದರು. ಇದು ಎಲ್ಲರಿಗೂ ಆಗುವ ಕೆಲಸವಲ್ಲ, ಮಕ್ಕಳಿಗೆ ಮಾದರಿ ಎಂದು ಹೇಳಲು ನನಗೂ ಅಳುಕಿದೆ. ಆದರೆ ನಡೆದದ್ದು ಹಾಗೆ. 1993ರ ನವೆಂಬರಿನಲ್ಲಿ ಕಣ್ಣು ಕೋರೈಸುವ ನೀಲಿ ಎಲ್‌ಇಡಿ ಹೊರಬಂತು. ಮರುವರ್ಷ ತಮ್ಮದೇ ತೊಕುಶಿಮಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಬಂತು. ಆಗ ವಯಸ್ಸು 40.

ಲೇಸರ್ ಇನ್ನೂ ಕಷ್ಟ. ಎಲ್‌ಇಡಿಗಿಂತ ಎಷ್ಟೋ ಪಾಲು ಹೆಚ್ಚು ವಿದ್ಯುತ್ತನ್ನು ಸಣ್ಣ ಜಾಗದಲ್ಲಿ ಹಾಯಿಸಬೇಕು, ಹರಳಿನ ಒಂದೊಂದು ಕಲೆಯೂ ಬಿಸಿಯಾಗಿ ಅದನ್ನು ಕೊಲ್ಲುತ್ತದೆ. 1995ರ ಕೊನೆಗೆ ನೇರಳೆ ಲೇಸರ್ ತುಣುಕು ತುಣುಕಾಗಿ ಉರಿಯಿತು. 1996ರಲ್ಲಿ ನಿಲ್ಲದೆ ಉರಿಯಿತು, ಆದರೆ ಮೊದಲು ಕೆಲವೇ ಸೆಕೆಂಡು. 1997ರ ಹೊತ್ತಿಗೆ ಅದರ ಆಯುಸ್ಸು 10,000 ಗಂಟೆ ಎಂದು ಅಂದಾಜಾಯಿತು. ಸಿಡಿ ಓದುವ ಲೇಸರ್ 780 ನ್ಯಾನೋಮೀಟರ್, ಡಿವಿಡಿಯದು 650, ಇದು 405. ಮೊನೆ ಸಣ್ಣದಾದಷ್ಟೂ ಅಕ್ಷರ ಒತ್ತಾಗಿ ಬರೆಯಬಹುದು. ಬ್ಲೂ ರೇ ಡಿಸ್ಕಿನಲ್ಲಿ ಅಷ್ಟು ದೊಡ್ಡ ಸಿನಿಮಾ ಹಿಡಿಯುವುದು ಹಾಗೆ. ನೀಲಿ ಎಲ್‌ಇಡಿಯ ಮೇಲೆ ಹಳದಿ ಹೊಳಪಿನ ಪುಡಿ ಬಳಿದು 1996ರಲ್ಲಿ ನಿಚಿಯಾ ಬಿಳಿ ಎಲ್‌ಇಡಿಯನ್ನೂ ತಂದಿತು. ಪುಡಿ ಹೇಗೂ ಅವರದೇ ಹಳೇ ವ್ಯಾಪಾರ. ಹಾನಗಲ್ಲಿನ ಆ ಬೇಕರಿಯ ಬಲ್ಬಿನಲ್ಲಿರುವುದೂ ಅದೇ ತಂತ್ರ.

ಈ ಪೇಟೆಂಟಿಗೆ ಕಂಪೆನಿ ಅವರಿಗೆ ಕೊಟ್ಟ ಬೋನಸ್ಸು ಸುಮಾರು 20,000 ಯೆನ್. 1999ರ ಕೊನೆಗೆ ಕೆಲಸ ಬಿಟ್ಟು ಅಮೆರಿಕದ ಸಾಂಟಾ ಬಾರ್ಬರಾದಲ್ಲಿ ಪ್ರೊಫೆಸರ್ ಆದರು, ಕೋರ್ಟಿಗೂ ಹೋದರು. ಟೋಕಿಯೋದ ಜಿಲ್ಲಾ ನ್ಯಾಯಾಲಯ 2004ರಲ್ಲಿ 2,000 ಕೋಟಿ ಯೆನ್ ಕೊಡಿ ಎಂದಿತು. ಮರುವರ್ಷ ಮೇಲಿನ ಕೋರ್ಟಿನಲ್ಲಿ ಸುಮಾರು 84 ಕೋಟಿ ಯೆನ್‌ಗೆ ರಾಜಿಯಾಯಿತು. 2014ರಲ್ಲಿ ಅಕಾಸಾಕಿ, ಅಮಾನೋ ಜೊತೆ ನೊಬೆಲ್ ಬಂತು.

ಇನ್ನು ನಮ್ಮ ನಾಲ್ಕು ತಾಲೂಕಿನ ಮಾತು. ಈ ಸೀಮೆಯ ಹೆಸರು ಹೊರಗೆ ಕೇಳಿಸುವುದು ಹೆಚ್ಚಾಗಿ ಕವಿಗಳಿಂದ, ಹಾಡುಗಾರರಿಂದ. ಶಿಗ್ಗಾಂವಿ ತಾಲೂಕಿನವರು ಶಿಶುನಾಳ ಶರೀಫರು, ಕನಕದಾಸರು. ಸವಣೂರಿನಲ್ಲಿ ಹುಟ್ಟಿದವರು ವಿ.ಕೃ. ಗೋಕಾಕರು, ಗಂಗೂಬಾಯಿಯವರ ಹೆಸರಿಗೇ ಹಾನಗಲ್ ಅಂಟಿಕೊಂಡಿದೆ. ಲೇಸರಿಗೂ ಇಲ್ಲಿಂದ ದಾರಿಯಿದೆ. ಶಿಗ್ಗಾಂವಿ ದಾಟುವ ಹೆದ್ದಾರಿಯಲ್ಲೇ ಮುಂದೆ ಧಾರವಾಡ ಸಿಗುತ್ತದೆ. ಅಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗವಿದೆ, 2016ರಿಂದ ಐಐಟಿಯೂ ಇದೆ. ಬಿ.ಎಸ್ಸಿ. ಕೊನೇ ವರ್ಷದಲ್ಲಿ ಬರೆಯುವ ಜಾಮ್ ಪರೀಕ್ಷೆ ಐಐಟಿಗಳ ಎಂ.ಎಸ್ಸಿ.ಗೂ ಬೆಂಗಳೂರು ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಹೆಚ್.ಡಿ.ಗೂ ಬಾಗಿಲು. ಐಐಎಸ್‌ಸಿಯ ನ್ಯಾನೋ ಕೇಂದ್ರದಲ್ಲಿ ನಕಮುರ ಹಿಡಿದಿದ್ದ ಅದೇ ಗ್ಯಾಲಿಯಂ ನೈಟ್ರೈಡ್ ಹರಳನ್ನು ಎಂಒಸಿವಿಡಿಯಲ್ಲೇ ಬೆಳೆಸುತ್ತಾರೆ. ಲೇಸರ್ ಸಂಶೋಧನೆ ನಡೆಯುವ ರಾಜಾ ರಾಮಣ್ಣ ಕೇಂದ್ರ ಇಂದೋರಿನಲ್ಲಿದೆ; ನಮ್ಮ ತುಮಕೂರಿನ ರಾಜಾ ರಾಮಣ್ಣನವರ ಹೆಸರೇ ಅದಕ್ಕಿದೆ.

ಹೊಟ್ಟೆಯ ಲೆಕ್ಕ ಹೀಗಿದೆ. ಎಂ.ಎಸ್ಸಿ. ಮುಗಿಸಿ ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಸಿಕ್ಕರೆ ಪಿಹೆಚ್.ಡಿ.ಯ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. 2023ರ ಜನವರಿಯಿಂದ ಈ ದರವಿದೆ, ಮನೆ ಬಾಡಿಗೆ ಭತ್ಯೆ ಬೇರೆ. ಫೀಸು ಕಟ್ಟಿ ಓದುವ ಓದು ಇದಲ್ಲ, ಸಂಬಳದಂತೆ ಪಡೆದು ಓದುವುದು. ಇದು ನಮ್ಮ ಬಹಳ ಮನೆಗಳಿಗೆ ಗೊತ್ತೇ ಇಲ್ಲ. ಅಲ್ಪಸಂಖ್ಯಾತ ಸಂಶೋಧಕರಿಗೆ ಬರುತ್ತಿದ್ದ ಮೌಲಾನಾ ಆಜಾದ್ ಫೆಲೋಶಿಪ್ಪನ್ನು ಕೇಂದ್ರ ಸರ್ಕಾರ 2022-23ರಿಂದ ನಿಲ್ಲಿಸಿದೆ. ಹಳೇ ಪಟ್ಟಿ ಹಿಡಿದುಕೊಂಡು ಅದಕ್ಕೆ ಕಾಯಬೇಡಿ. ರಾಜ್ಯದ ಅಲ್ಪಸಂಖ್ಯಾತರ ಇಲಾಖೆಯಲ್ಲಿ ವಿಚಾರಿಸಿ, ಜಿಲ್ಲಾ ಕಚೇರಿ ಹಾವೇರಿಯಲ್ಲಿದೆ.

ಕಷ್ಟದ ಭಾಗವನ್ನೂ ಮುಚ್ಚಿಡಬಾರದು. ಬಿ.ಎಸ್ಸಿ. ಆದ ಮೇಲೆ ಏಳೆಂಟು ವರ್ಷ ಹೋಗುತ್ತದೆ. ಆ ವರ್ಷಗಳಲ್ಲಿ ನೆಂಟರು ಕೇಳುವ ಪ್ರಶ್ನೆ ಎರಡೇ: ಕೆಲಸ ಆಯ್ತಾ, ಮದುವೆ ಯಾವಾಗ. ಹೆಣ್ಣುಮಕ್ಕಳಾದರೆ ಎರಡನೆಯದೇ ಮೊದಲು ಬರುತ್ತದೆ. ಪ್ರಯೋಗಾಲಯದ ಯಂತ್ರ ರಾತ್ರಿ ಹನ್ನೊಂದಕ್ಕೆ ಖಾಲಿಯಾದರೆ ಆ ಹೊತ್ತಿಗೇ ಕೆಲಸ. ಮೊದಲ ವರ್ಷದ ಹರಳೆಲ್ಲ ಬಿರುಕು ಬಿಡಬಹುದು. ಫೋನ್ ಮಾಡಿದಾಗ "ಏನಾಯ್ತು?" ಎಂದು ಕೇಳಿದರೆ "ಏನೂ ಆಗಿಲ್ಲ" ಎಂಬುದೇ ನಿಜವಾದ ಉತ್ತರವಾಗಿರುತ್ತದೆ. ಪಿಹೆಚ್.ಡಿ. ಮುಗಿದ ಮೇಲೂ ಮರುದಿನವೇ ಕಾಯಂ ಕೆಲಸ ಎಂಬ ಖಾತ್ರಿಯಿಲ್ಲ.

ಇದನ್ನೆಲ್ಲ ಹೇಳಲು ಮೊನ್ನೆ ಮತ್ತೆ ಹಾನಗಲ್ಲಿಗೆ ಹೋಗಿದ್ದೆ. ಮಗಳು ಗಲ್ಲಾದ ಹಿಂದೆ ಕೂತು ಜಾಮ್ ಪರೀಕ್ಷೆಯ ಹಳೇ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದಳು. ಅವಳ ಉಮ್ಮ ಧಾರವಾಡದ ಹಾಸ್ಟೆಲಿನ ಊಟ ಹೇಗೆ, ರಾತ್ರಿ ಲ್ಯಾಬಿನಿಂದ ಹಾಸ್ಟೆಲಿಗೆ ಎಷ್ಟು ದೂರ ಎಂದು ಕೇಳಿದರು. ಗೊತ್ತಿದ್ದಷ್ಟು ಹೇಳಿದೆ. ಬೇಕರಿಯವರು ಎಲ್ಲ ಕೇಳಿಸಿಕೊಂಡು ಸುಮ್ಮನಿದ್ದರು. ಆಮೇಲೆ, "ಆ ಜಪಾನಿನವರ ಹೆಂಡತಿ ಎಷ್ಟು ವರ್ಷ ಕಾದದ್ದು?" ಎಂದರು.

"ಕೆಲಸಕ್ಕೆ ಸೇರಿದ್ದು 79ರಲ್ಲಿ, ನೀಲಿ ಬಂದದ್ದು 93ರಲ್ಲಿ."

ಬೆರಳು ಮಡಚಿ ಎಣಿಸಿದರು. "ಹದಿನಾಲ್ಕು. ನಮಗೆ ಈ ಅಂಗಡಿ ಕಾಲ ಮೇಲೆ ನಿಲ್ಲಲಿಕ್ಕೆ ಒಂಬತ್ತು ಹಿಡಿಯಿತು." ಅಷ್ಟರಲ್ಲಿ ಗಿರಾಕಿ ಬಂದರು. ಅವರು ಎದ್ದು ಹೋಗಿ ಕಾಲು ಕಿಲೋ ಖಾರ ತೂಗತೊಡಗಿದರು.